ದಿನವೂ ಸೋಲುವ ಪಾಂಡು: ಕನ್ನಡ ಹಾಸ್ಯ ಧಾರಾವಾಹಿಯ ಬಾಳಿಕೆ ಮತ್ತು ಜನಪದ ನಗೆಯ ನೆಲೆಗಳು

1

ಕನ್ನಡ ಜಾನಪದ ಅಧ್ಯಯನಗಳಲ್ಲಿ ಕಿರುತೆರೆಯ ಪ್ರಸ್ತಾಪ ಬರುವುದು ಬಹುಮಟ್ಟಿಗೆ ಒಂದೇ ಸಂದರ್ಭದಲ್ಲಿ. ಬಯಲಾಟದ ಮೇಳಗಳು ವಿರಳವಾದುದಕ್ಕೆ, ಹಂತಿಯ ಹಾಡು ಕಣದಿಂದ ಮರೆಯಾದುದಕ್ಕೆ, ಬೀಸುವ ಪದಗಳನ್ನು ಬಲ್ಲವರು ಇಲ್ಲವಾದುದಕ್ಕೆ ಕಾರಣಗಳನ್ನು ಪಟ್ಟಿಮಾಡುವಾಗ ಟಿ.ವಿ.ಯ ಹೆಸರು ಮೊದಲ ಸಾಲಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಆಟವನ್ನು ನೋಡುತ್ತಿದ್ದ ಜನರೇ ಟಿ.ವಿ.ಯ ಮುಂದೆಯೂ ಕುಳಿತರು ಎಂಬ ಸರಳ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಹಾಗೆ ಕುಳಿತವರು ತಮ್ಮ ನೋಡುವ ಬಗೆಯನ್ನು, ನಗುವ ಬಗೆಯನ್ನು ಬಯಲಿನಲ್ಲಿಯೇ ಬಿಟ್ಟು ಬಂದರೆ? ಅಥವಾ ಅದನ್ನು ಪಡಸಾಲೆಗೂ ತಂದರೆ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಈಟಿವಿ ಕನ್ನಡ ವಾಹಿನಿಯಲ್ಲಿ 2000ದ ದಶಕದಲ್ಲಿ ಪ್ರಸಾರವಾದ 'ಪಾ.ಪ.ಪಾಂಡು' ಹಾಗೂ 'ಸಿಲ್ಲಿ ಲಲ್ಲಿ' ಎಂಬ ಎರಡು ಹಾಸ್ಯ ಧಾರಾವಾಹಿಗಳ ನೆಲೆಯಿಂದ ಪರಿಶೀಲಿಸುತ್ತದೆ.

ಹಾಸ್ಯ ಧಾರಾವಾಹಿ ಎಂದರೆ ಇಲ್ಲಿ ನಿರ್ದಿಷ್ಟ ಅರ್ಥವಿದೆ. ವರ್ಷಗಟ್ಟಲೆ ಬೆಳೆಯುವ ಕೌಟುಂಬಿಕ ಧಾರಾವಾಹಿಯಲ್ಲಿ ಪಾತ್ರಗಳು ಹುಟ್ಟುತ್ತವೆ, ಮದುವೆಯಾಗುತ್ತವೆ, ಸಾಯುತ್ತವೆ. ಹಾಸ್ಯ ಧಾರಾವಾಹಿಯಲ್ಲಿ ಅದೇ ಮನೆ, ಅದೇ ಜನ, ಅವರ ಅದೇ ಸ್ವಭಾವ. ಅಲ್ಲಿಗೆ ಹೊಸದಾಗಿ ಒಂದು ಸಂಕಟ ಬರುತ್ತದೆ, ಅರ್ಧ ಗಂಟೆಯೊಳಗೆ ಅದು ಬಿಚ್ಚಿಕೊಳ್ಳುತ್ತದೆ, ಎಲ್ಲರೂ ಮೊದಲಿನ ಸ್ಥಿತಿಗೆ ಮರಳುತ್ತಾರೆ. ಇಂಥ ರಚನೆಯುಳ್ಳ ಕಾರ್ಯಕ್ರಮವೊಂದು ಪ್ರಸಾರ ನಿಂತು ವರ್ಷಗಳು ಉರುಳಿದ ಮೇಲೂ ಜನರ ನೆನಪಿನಲ್ಲಿ ಉಳಿದಿದೆ ಎಂದಾದರೆ, ಅದಕ್ಕೆ ಅದರೊಳಗಿನ ನಗೆಹನಿಗಳಷ್ಟೇ ಕಾರಣವಾಗಿರಲಾರವು. ನಗೆಹನಿ ಒಂದೆರಡು ಸಲ ಕೇಳಿದೊಡನೆ ಹಳತಾಗುತ್ತದೆ. ಉಳಿಯುವುದು ಬೇರೇನೋ ಇರಬೇಕು.

2

ಈ ವಿಚಾರಕ್ಕೆ ಯಾದಗಿರಿ ಸೀಮೆಯನ್ನು ನೆಲೆಯಾಗಿ ಇಟ್ಟುಕೊಳ್ಳಲು ಲೇಖಕನ ಊರು ಕೊಂಕಲ್ ಆಗಿರುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದ ಚಾರಿತ್ರಿಕ ಕಾರಣವೂ ಇದೆ. ಕರ್ನಾಟಕದಲ್ಲಿ ಟಿ.ವಿ. ಮೊದಲು ಕಾಲಿಟ್ಟದ್ದು ರಾಜಧಾನಿಯಲ್ಲಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಸರ್ಕಾರವು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 'ಸೈಟ್' ಎಂಬ ಬೋಧನ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡ ಈ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದುದು 2009ರ ಕೊನೆಯಲ್ಲಿ. ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು.

ಹೀಗೆ ಈ ಸೀಮೆಗೆ ಟಿ.ವಿ. ಬಂದದ್ದು ಪಾಠಶಾಲೆಯ ವೇಷದಲ್ಲಿ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಶಿಕ್ಷಣ ಅದರ ವಿಷಯಗಳು. ಊರ ಮಧ್ಯದ ಸಾರ್ವಜನಿಕ ಪೆಟ್ಟಿಗೆಯ ಮುಂದೆ ಕುಳಿತ ಹಳ್ಳಿಗ ಕಲಿಯಬೇಕಾದವನು, ತಿದ್ದಿಕೊಳ್ಳಬೇಕಾದವನು. ಪೆಟ್ಟಿಗೆಯೊಳಗಿನ ದನಿ ಬಲ್ಲವರ ದನಿ. ಈ ಸಂಬಂಧ ಬದಲಾದದ್ದು ಖಾಸಗಿ ವಾಹಿನಿಗಳ ಕಾಲದಲ್ಲಿ. 1994ರಲ್ಲಿ ಉದಯ ವಾಹಿನಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಆರಂಭವಾದವು. ಕೇಬಲ್ ತಂತಿ ಹಳ್ಳಿಗಳನ್ನು ಮುಟ್ಟುವ ಹೊತ್ತಿಗೆ ಊರ ಪೆಟ್ಟಿಗೆ ಹೋಗಿ ಓಣಿಗೊಂದು, ಎರಡು ಮನೆಗಳ ಪೆಟ್ಟಿಗೆಗಳು ಬಂದಿದ್ದವು. ವಿದ್ಯುತ್ ಇದ್ದ ಸಂಜೆಗಳಲ್ಲಿ ಅಂಥ ಮನೆಗಳ ಪಡಸಾಲೆ ತುಂಬಿ, ಉಳಿದವರು ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದುದನ್ನು ಈ ತಲೆಮಾರಿನ ಅನೇಕರು ನೆನೆಯಬಲ್ಲರು. ಪಾಂಡು ಬಂದದ್ದು ಅಲ್ಲಿಗೆ. ಅವನು ಯಾರಿಗೂ ಏನನ್ನೂ ಕಲಿಸಲು ಬಂದವನಲ್ಲ. ನೋಡುವವರಿಗಿಂತ ಅವನಿಗೇ ಕಡಿಮೆ ತಿಳಿದಿತ್ತು. ಕಾಲು ಶತಮಾನದ ಹಿಂದೆ ವಿದ್ಯಾರ್ಥಿಯ ಸ್ಥಾನದಲ್ಲಿ ಕೂರಿಸಲ್ಪಟ್ಟಿದ್ದ ಸೀಮೆಗೆ ಅದೇ ಪೆಟ್ಟಿಗೆಯೊಳಗೆ ತನಗಿಂತ ಪೆದ್ದನೊಬ್ಬ ಕಂಡದ್ದು ಸಣ್ಣ ಸಂಗತಿಯಲ್ಲ.

3

'ಪಾ.ಪ.ಪಾಂಡು' ಧಾರಾವಾಹಿಯ ನಿರ್ದೇಶಕರು ಸಿಹಿಕಹಿ ಚಂದ್ರು. ದೂರದರ್ಶನದ 'ಸಿಹಿಕಹಿ' ಧಾರಾವಾಹಿಯಿಂದ ಅವರಿಗೂ ನಟಿ ಗೀತಾ ಅವರಿಗೂ ಬಂದ ಬಿರುದೇ ಹೆಸರಿನ ಭಾಗವಾಗಿ ನಿಂತಿತು. ಪಾಂಡುವಾಗಿ ಚಿದಾನಂದ, ಹೆಂಡತಿ ಪಾಚುವಾಗಿ ಶಾಲಿನಿ ನಟಿಸಿದರು. ಶೀರ್ಷಿಕೆಯಲ್ಲಿಯೇ ಒಂದು ಶ್ಲೇಷೆಯಿದೆ. ಮೊದಲಕ್ಷರಗಳಂತೆ ಬರೆದದ್ದನ್ನು ಕೂಡಿಸಿ ಓದಿದರೆ ಮರುಕದ 'ಪಾಪ' ಕೇಳಿಸುತ್ತದೆ. ಪಾಂಡು ಒಂದು ಉಪಾಯ ಹೂಡುತ್ತಾನೆ, ಸಣ್ಣ ಸುಳ್ಳೊಂದನ್ನು ಹೇಳುತ್ತಾನೆ, ಸುಳ್ಳನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಹೇಳುತ್ತಾನೆ, ಕೊನೆಗೆ ಹೆಂಡತಿಯ ಕೈಗೆ ಸಿಕ್ಕಿ ಬೀಳುತ್ತಾನೆ. ಮರುದಿನ ಏನೂ ಆಗಿಲ್ಲವೆಂಬಂತೆ ಹೊಸ ಉಪಾಯದೊಡನೆ ಪ್ರತ್ಯಕ್ಷನಾಗುತ್ತಾನೆ. ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'ಯಲ್ಲಿ ರವಿಶಂಕರ್ ಗೌಡ ಅವರ ಡಾಕ್ಟರ್ ವಿಠ್ಠಲ್ ರಾವ್, ಮಂಜುಭಾಷಿಣಿ ಅವರ ಸಮಾಜಸೇವಕಿ ಲಲಿತಾಂಬ ಇದೇ ಬಗೆಯ ಪಾತ್ರಗಳು. ವೈದ್ಯನಿಗೆ ತನ್ನ ಕೀರ್ತಿಯ ಬಗ್ಗೆ, ಸೇವಕಿಗೆ ತನ್ನ ಸೇವೆಯ ಬಗ್ಗೆ ಇರುವ ಭ್ರಮೆ ದಿನವೂ ಒಡೆಯುತ್ತದೆ. ದಿನವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಜನಪದ ಕಥೆಗಳ ಅಭ್ಯಾಸಿಗೆ ಈ ನಕ್ಷೆ ಅಪರಿಚಿತವಲ್ಲ. ಆರ್ನೆ, ಥಾಂಪ್ಸನ್, ಉಥರ್ ಅವರ ಅಂತರರಾಷ್ಟ್ರೀಯ ಕಥಾವರ್ಗ ಸೂಚಿಯಲ್ಲಿ 1200ರಿಂದ 1999ರವರೆಗಿನ ಸಂಖ್ಯೆಗಳು ನಗೆಗಥೆಗಳಿಗೆ ಮೀಸಲಾಗಿವೆ. ಅದರಲ್ಲಿಯೂ 1200ರಿಂದ 1349ರವರೆಗೆ ಪೆದ್ದರ ಕಥೆಗಳು, 1350ರಿಂದ 1439ರವರೆಗೆ ಗಂಡಹೆಂಡಿರ ಕಥೆಗಳು. ಪೆದ್ದ ಗಂಡ ಮತ್ತು ಜಾಣ ಹೆಂಡತಿಯ ಕಥೆಗಳು ಕನ್ನಡದ ಎಲ್ಲ ಸೀಮೆಗಳಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಅತ್ತೆಮನೆಯಲ್ಲಿ ಕೇಳಿದ ತಿಂಡಿಯ ಹೆಸರನ್ನು ಬಾಯಿಪಾಠ ಮಾಡುತ್ತ ಬಂದು, ಹಳ್ಳ ದಾಟುವಾಗ ಮರೆತು, ಮನೆಗೆ ಬಂದು ಹೆಂಡತಿಯೊಡನೆ ಜಗಳಕ್ಕೆ ನಿಲ್ಲುವ ಅಳಿಯನನ್ನು ಯಾರು ತಾನೆ ಅರಿಯರು? ಆ ಅಳಿಯ ಒಂದು ಕಥೆಯಿಂದ ಬುದ್ಧಿ ಕಲಿತು ಇನ್ನೊಂದು ಕಥೆಗೆ ಹೋಗುವುದಿಲ್ಲ. ಪ್ರತಿ ಕಥೆಯಲ್ಲಿಯೂ ಅವನು ಹೊಸದಾಗಿ ಪೆದ್ದ. ಬೀchi ಎಂದೇ ಪ್ರಸಿದ್ಧರಾದ ರಾಯಸಂ ಭೀಮಸೇನರಾವ್ ಅವರ ತಿಂಮನ ಬಾಳಿಕೆಗೂ ಇದೇ ಗುಟ್ಟು. ಅವನಿಗೆ ಚರಿತ್ರೆಯಿಲ್ಲ, ಸ್ವಭಾವ ಮಾತ್ರ ಇದೆ.

ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ ಜನಪದ ಕಥನದ ನಿಯಮಗಳನ್ನು ಗುರುತಿಸುವಾಗ ಪುನರಾವೃತ್ತಿ, ವೈದೃಶ್ಯ, ಹಾಗೂ ಒಂದು ದೃಶ್ಯದಲ್ಲಿ ಇಬ್ಬರು ಎಂಬ ಮೂರನ್ನು ಮುಖ್ಯವಾಗಿ ಹೇಳಿದ್ದಾನೆ. ಪಾಂಡು ಮತ್ತು ಪಾಚು ಎದುರುಬದುರು ನಿಲ್ಲುವ ದೃಶ್ಯಗಳಲ್ಲಿ ಈ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ಉತ್ತರ ಕರ್ನಾಟಕದ ರಂಗಪರಂಪರೆಯಲ್ಲಿಯೂ ಇದರ ಪೂರ್ವರೂಪವನ್ನು ಕಾಣಬಹುದು. ಅಪರಾಳ ತಮ್ಮಣ್ಣನಿಂದ ಹೊಮ್ಮಿ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತವು ಪುರಾಣದ ಕಥೆಯೆಂಬುದು ನಿಜ. ಆದರೆ ಬಯಲಿನಲ್ಲಿ ಅದು ಒಂದು ಹೂವಿನ ನೆವದಲ್ಲಿ ಇಬ್ಬರು ಹೆಂಡಿರ ನಡುವೆ ಸಿಕ್ಕಿಕೊಂಡ ಗಂಡನ ಪಾಡಾಗುತ್ತದೆ. ಜಗದ್ರಕ್ಷಕನೇ ಸುಳ್ಳು ಹೇಳಿ ಸಿಕ್ಕಿಬೀಳುವ ಸಂಸಾರಸ್ಥನಾಗಿ ನಿಂತಾಗ ಪ್ರೇಕ್ಷಕರಲ್ಲಿ ಏಳುವ ನಗೆಗೂ ಪಾಂಡುವಿನ ನಗೆಗೂ ಇರುವ ದೂರ ಬಹಳವಲ್ಲ.

ಇಲ್ಲೊಂದು ಸಣ್ಣ ಸಾಕ್ಷ್ಯವನ್ನು ನೀಡಬಹುದು. ಅಕ್ಷರ ಬಾರದ ಲೇಖಕನ ಅಜ್ಜಿ ಈ ಧಾರಾವಾಹಿಯನ್ನು ನೋಡುತ್ತಿದ್ದಳು. ಬೆಂಗಳೂರು, ಮೈಸೂರು ಸೀಮೆಯ ಬಿರುಸು ಮಾತಿನಲ್ಲಿ ಅರ್ಧದಷ್ಟು ಅವಳಿಗೆ ತಲುಪುತ್ತಿರಲಿಲ್ಲ. ನಗೆಮಾತಿಗೆ ಹಿನ್ನೆಲೆಯ ನಗು ಮೊಳಗಿದಾಗ ಅವಳು ಸುಮ್ಮನಿರುತ್ತಿದ್ದಳು. ಪಾಂಡು ಮೊದಲ ಸುಳ್ಳು ಹೇಳಿದೊಡನೆ ನಗತೊಡಗುತ್ತಿದ್ದಳು. ಅವನು ಪೆಟ್ಟು ತಿಂದು ಕಥೆ ಮುಗಿದಾಗ ಅವಳದೊಂದು ಮಾತು ತಪ್ಪುತ್ತಿರಲಿಲ್ಲ: "ಇರ್ಲಿ ಬಿಡು, ನಾಳಿ ಮತ್ತ ಬರ್ತಾನ." ಅವಳು ನಕ್ಕದ್ದು ಮಾತಿಗಲ್ಲ. ಏನಾಗಲಿದೆಯೆಂದು ತನಗೆ ಮೊದಲೇ ಗೊತ್ತಿರುವ ಸುಖಕ್ಕೆ. ಬಯಲಾಟದ ಪ್ರೇಕ್ಷಕನ ಸುಖವೂ ಇದೇ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಅವನು ಬೆಳತನಕ ಕೂರುತ್ತಾನೆ. ಕುತೂಹಲಕ್ಕಿಂತ ಪರಿಚಯವೇ ಇಲ್ಲಿ ರಸದ ಮೂಲ.

4

ಈ ಬಗೆಯ ಬಾಳಿಕೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಪೋಲೆಂಡಿನಲ್ಲಿ 1999ರಿಂದ 2022ರವರೆಗೆ 'ಶ್ವಿಯಾತ್ ವೆದ್ವುಗ್ ಕ್ಯೆಪ್ಸ್ಕಿಖ್' ಎಂಬ ಹಾಸ್ಯ ಧಾರಾವಾಹಿ ಪೋಲ್ಸಾತ್ ವಾಹಿನಿಯಲ್ಲಿ ಪ್ರಸಾರವಾಯಿತು. 'ಕ್ಯೆಪ್ಸ್ಕಿಗಳು ಕಂಡ ಜಗತ್ತು' ಎಂಬುದು ಹೆಸರಿನ ಅರ್ಥ. ವ್ರೋತ್ಸ್ವಾಫ್ ನಗರದ ಹಳೆಯ ವಠಾರವೊಂದು ಅದರ ರಂಗ. ಮಹಡಿಗೆ ಒಂದೇ ಶೌಚಾಲಯ. ನಾಯಕ ಫೆರ್ದಿನಾಂದ್ ನಿರುದ್ಯೋಗಿ, ಬಿಯರ್ ಪ್ರಿಯ. ಸಂಬಳ ತಂದು ಮನೆ ನಡೆಸುವವಳು ದಾದಿಯಾದ ಹೆಂಡತಿ ಹಲೀನಾ. ದಿಢೀರ್ ಶ್ರೀಮಂತನಾಗುವ ಅವನ ಉಪಾಯಗಳು ಒಂದೂ ಫಲಿಸುವುದಿಲ್ಲ. 1989ರ ಅನಂತರ ಪೋಲೆಂಡ್ ಮಾರುಕಟ್ಟೆಯ ವ್ಯವಸ್ಥೆಗೆ ಹೊರಳಿದಾಗ ಎಲ್ಲರೂ ಮುಂದೆ ಓಡಬೇಕಾದ ಒತ್ತಡವಿತ್ತು. ಓಡಲಾರದವನೊಬ್ಬ ನಿಂತಲ್ಲಿಯೇ ನಿಂತು, ಸೋತರೂ ನಾಶವಾಗದೆ ಉಳಿಯುವುದನ್ನು ಆ ಜನ ಇಪ್ಪತ್ತಕ್ಕೂ ಹೆಚ್ಚು ವರ್ಷ ನೋಡಿದರು. ನಮ್ಮಲ್ಲಿಯೂ 2000ದ ದಶಕ ಮುಂದೆ ಓಡುವವರ ದಶಕ. ಬೆಂಗಳೂರಿಗೆ ದುಡಿಯಲು ಹೋಗುವ ರೈಲು, ಬಸ್ಸುಗಳಲ್ಲಿ ಯಾದಗಿರಿಯ ಜನ ತುಂಬಿಹೋಗುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಮನೆಯೊಳಗೂ ಸೋಲುವವನಿದ್ದಾನೆ, ಆದರೂ ಅವನ ಮನೆ ಮುರಿಯುವುದಿಲ್ಲ ಎಂದು ತೋರಿಸಿದವನು ಪಾಂಡು.

ಪೋಲೆಂಡಿನದೇ ಇನ್ನೊಂದು ಉದಾಹರಣೆ ನಮ್ಮ ವಿಮರ್ಶೆಗೆ ಬೇರೆ ದಿಕ್ಕನ್ನು ತೋರುತ್ತದೆ. ಸ್ತನಿಸ್ವಾಫ್ ಬರೇಯಾ ನಿರ್ದೇಶಿಸಿದ 'ಆಲ್ತೆರ್ನತಿವಿ 4' ಧಾರಾವಾಹಿ ಸಮಾಜವಾದಿ ಆಡಳಿತದ ಕಾಲದಲ್ಲಿ, 1983ರಲ್ಲಿ ಚಿತ್ರಿತವಾಗಿ 1986ರಲ್ಲಿ ಪ್ರಸಾರ ಕಂಡಿತು. ವಾರ್ಸಾದ ಹೊಸ ಬಡಾವಣೆಯ ಒಂದು ಕಟ್ಟಡ. ಅದರ ಉಸ್ತುವಾರಿಗೆ ಬಂದ ಆನ್ಯೋಲ್ ಎಂಬವನು ನಿವಾಸಿಗಳ ಮೇಲೆ ಸಣ್ಣ ಸರ್ವಾಧಿಕಾರಿಯಂತೆ ಎರಗುತ್ತಾನೆ. ಪರಸ್ಪರ ಹೊಂದಿಕೆಯಿಲ್ಲದ ನೆರೆಹೊರೆಯವರು ಅವನೆದುರು ಒಂದಾಗುತ್ತಾರೆ. ಆ ಆಡಳಿತ ಅಳಿದರೂ ಧಾರಾವಾಹಿ ಉಳಿಯಿತು. ಸಣ್ಣ ಅಧಿಕಾರಿಯ ದರ್ಪ ಯಾವ ವ್ಯವಸ್ಥೆಯೊಂದಿಗೂ ಅಳಿಯುವುದಿಲ್ಲವಲ್ಲ. ಇಲ್ಲಿ ನಗೆಯ ಮೊನೆ ಮೇಲ್ಮುಖವಾಗಿದೆ. ನಮ್ಮ ಧಾರಾವಾಹಿಗಳ ನಗೆಯ ಮೊನೆ ಎತ್ತ ತಿರುಗಿದೆ ಎಂಬ ಪ್ರಶ್ನೆಯನ್ನು ಇದು ಅನಿವಾರ್ಯವಾಗಿ ಎತ್ತುತ್ತದೆ.

5

ದೊಡ್ಡಾಟದಲ್ಲಿ ರಾಜಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ತಡೆದು, ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳುತ್ತಾನೆ. ರಾಜ ಸಮಾಸಗಳ ಮಳೆ ಸುರಿಸುತ್ತ ತನ್ನ ಪ್ರತಾಪವನ್ನು ಹೇಳಿಕೊಳ್ಳಬೇಕು. ಸಾರಥಿ ಅದನ್ನು ಊರ ಮಾತಿಗೆ ಇಳಿಸಿ ನಗಿಸುತ್ತಾನೆ. ಈ ಏರ್ಪಾಟಿನಲ್ಲಿ ಎರಡು ಅಂಶಗಳಿವೆ. ಒಂದು, ನಗೆಗೆ ಗುರಿಯಾಗುವುದು ಅಧಿಕಾರ. ಎರಡು, ನಗಿಸುವ ಸಾಧನ ಪ್ರೇಕ್ಷಕರ ಸ್ವಂತ ಆಡುನುಡಿ. ಈಟಿವಿಯ ಹಾಸ್ಯ ಧಾರಾವಾಹಿಗಳನ್ನು ಈ ಎರಡು ಮಾನದಂಡಗಳಿಂದ ನೋಡಿದಾಗ ಅವುಗಳ ಮಿತಿ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಇಲ್ಲಿನ ನಗೆ ಮನೆಯ ಹೊಸಿಲನ್ನು ದಾಟುವುದು ಅಪರೂಪ. ಗಂಡ ಹೆಂಡತಿಯಿಂದ ಪೆಟ್ಟು ತಿನ್ನುವುದು ಲೋಕದ ಕ್ರಮವನ್ನು ತಿರುಗುಮುರುಗಾಗಿಸಿದಂತೆ ತೋರುತ್ತದೆ. ಆದರೆ ಹೆಂಗಸರು ಹೆಂಗಸರಿಗೆ ಹೇಳುವ ಕಥೆಗಳಲ್ಲಿ ಹೆಂಡತಿ ಗೆಲ್ಲುವುದು ಮಾತಿನಿಂದ, ಒಗಟಿನಿಂದ, ಸಮಯಸ್ಫೂರ್ತಿಯಿಂದ. ಎ.ಕೆ. ರಾಮಾನುಜನ್ ಅವರು ಕನ್ನಡದ ಸ್ತ್ರೀಕೇಂದ್ರಿತ ಕಥೆಗಳನ್ನು ಕುರಿತು ಬರೆದಾಗ ಮಾತೇ ಅಲ್ಲಿ ಹೆಣ್ಣಿನ ಕರ್ತೃತ್ವದ ನೆಲೆಯೆಂಬುದನ್ನು ತೋರಿಸಿಕೊಟ್ಟರು. ಪಾಚುವಿನ ಗೆಲುವು ಬಹುಪಾಲು ತೋಳಿನದು. ಬುದ್ಧಿಯ ಗೆಲುವು ಗಂಡಸನ್ನು ಚಿಂತೆಗೆ ಹಚ್ಚುತ್ತದೆ. ತೋಳಿನ ಗೆಲುವನ್ನು ಅವನು ನಕ್ಕು ಮರೆಯಬಹುದು. ಈ ಧಾರಾವಾಹಿಯನ್ನು ಗಂಡಸರೂ ನಿರಾತಂಕವಾಗಿ ಆನಂದಿಸಿದುದರ ಹಿಂದೆ ಈ ಕಾರಣವೂ ಇದೆ.

ಲಲಿತಾಂಬಳ ಪಾತ್ರ ಇದಕ್ಕಿಂತ ಸಂಕೀರ್ಣ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದದ್ದು 2000-01ರಲ್ಲಿ. ಹಳ್ಳಿಯ ಹೆಂಗಸರು ಸಂಘದ ಹೆಸರಿನಲ್ಲಿ ಕೂಡಿ ಕುಳಿತು ಉಳಿತಾಯದ ಲೆಕ್ಕ ಬರೆಯತೊಡಗಿದ್ದ ದಿನಗಳಲ್ಲಿಯೇ ಮಹಿಳಾ ಸಮಾಜಸೇವಕಿಯೊಬ್ಬಳು ನಗೆಪಾಟಲಿನ ಪಾತ್ರವಾಗಿ ಮನೆಮನೆಗೆ ಬಂದಳು. ಇದನ್ನು ಹೆಣ್ಣಿನ ಸಾರ್ವಜನಿಕ ಬದುಕಿನ ಅವಹೇಳನವೆಂದು ಓದಲು ಸಾಧ್ಯವಿದೆ. ಆದರೆ ಹಳ್ಳಿಯ ಹೆಂಗಸರು ಅವಳಲ್ಲಿ ತಮ್ಮನ್ನು ಕಂಡರೆಂದು ಹೇಳಲಾಗದು. ಜೀಪಿನಲ್ಲಿ ಬಂದು, ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವ ಪಟ್ಟಣದವರನ್ನು ಅವರು ಬಲ್ಲರು. ಆ ನಗೆಯಲ್ಲಿ ಸಾರಥಿಯ ಪ್ರಶ್ನೆಯ ಒಂದು ಎಳೆ ಉಳಿದಿತ್ತು. ಈ ಕಾರಣಕ್ಕೆ ಎರಡು ಧಾರಾವಾಹಿಗಳಲ್ಲಿ 'ಸಿಲ್ಲಿ ಲಲ್ಲಿ'ಯ ವ್ಯಂಗ್ಯವೇ ಹೆಚ್ಚು ಹರಿತವಾದುದೆಂದು ಭಾವಿಸಬೇಕಾಗುತ್ತದೆ.

ಎರಡನೆಯದು ನುಡಿಯ ಪ್ರಶ್ನೆ. ಇದು ಈ ಸೀಮೆಯವರಿಗೆ ನೋವಿನ ಪ್ರಶ್ನೆಯೂ ಹೌದು. ಕನ್ನಡದ ಸಿನಿಮಾ ಹಾಗೂ ಕಿರುತೆರೆಯ ಹಾಸ್ಯದಲ್ಲಿ ಬೆಂಗಳೂರು, ಮೈಸೂರು ಕಡೆಯ ಮಾತು ಸಹಜ ಮಾತಾಗಿ, ಉತ್ತರದ ಮಾತು ನಗೆಯ ಮಾತಾಗಿ ಬಳಕೆಯಾಗುವ ರೂಢಿ ಬೆಳೆದಿದೆ. ಉತ್ತರದವನೊಬ್ಬ ಬಾಯಿ ತೆರೆದರೆ ಸಾಕು, ಅವನು ಏನು ಹೇಳಿದನೆಂಬುದಕ್ಕೆ ಮೊದಲೇ ನಗು ಏಳಬೇಕು. ಸಾರಥಿಯ ಕೈಯಲ್ಲಿ ಆಯುಧವಾಗಿದ್ದ ಆಡುನುಡಿ ಇಲ್ಲಿ ತಾನೇ ಗುರಿಯಾಗಿದೆ. ಕೊಂಕಲ್ಲಿನ ಪಡಸಾಲೆಯಲ್ಲಿ ಕುಳಿತವರು ತಮ್ಮದೇ ಮಾತಿನ ಅಣಕಕ್ಕೂ ನಕ್ಕರು ಎಂಬುದನ್ನು ಒಪ್ಪಿಕೊಳ್ಳಬೇಕು. ಅದೇ ಪಡಸಾಲೆಯ ಹುಡುಗರು ಬೆಂಗಳೂರಿಗೆ ಹೋದಾಗ ತಮ್ಮ ಮಾತನ್ನು ಮರೆಮಾಚಲು ಕಲಿತರು ಎಂಬುದನ್ನೂ ಒಪ್ಪಿಕೊಳ್ಳಬೇಕು. ಈ ಲೇಖಕನೂ ಅವರಲ್ಲೊಬ್ಬ. ನಗೆ ಬೆಸೆಯುತ್ತದೆ ಎಂಬ ಮಾತು ಯಾರನ್ನು ನಡುವೆ ಕೂರಿಸಿಕೊಂಡು ನಗಲಾಗುತ್ತಿದೆ ಎಂಬುದನ್ನು ಅವಲಂಬಿಸಿದೆ.

ಇದಕ್ಕೆ ಪ್ರತಿಯಾದ ಧಾರೆಯೂ ಅದೇ ಕಾಲದಲ್ಲಿ ಹರಿಯಿತೆಂಬುದು ಸಮಾಧಾನದ ಸಂಗತಿ. ಗಂಗಾವತಿ ಪ್ರಾಣೇಶ್ ಅವರು ಬೀಚಿಯವರ ಪರಂಪರೆಯನ್ನು ಹೊತ್ತು ಉತ್ತರದ ಮಾತಿನಲ್ಲಿಯೇ ವೇದಿಕೆ ಹತ್ತಿದರು. ಅಲ್ಲಿ ಆ ನುಡಿ ನಗಿಸುವವನ ನುಡಿ. ಲೋಕವನ್ನು ಅಳೆಯುವ ಕೋಲು. ಒಂದೇ ಮಾತು ಯಾರ ಬಾಯಲ್ಲಿ, ಯಾರ ಪರವಾಗಿ ನಿಂತಿದೆ ಎಂಬುದರ ಮೇಲೆ ನಗೆಯ ಅರ್ಥ ಬದಲಾಗುತ್ತದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

6

ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಅದರ ಸೋದರ ವಾಹಿನಿ ಕಲರ್ಸ್ ಸೂಪರ್‌ನಲ್ಲಿ 2018ರಲ್ಲಿ 'ಪಾ.ಪ.ಪಾಂಡು', 2019ರಲ್ಲಿ 'ಸಿಲ್ಲಿ ಲಲ್ಲಿ' ಮರುಹುಟ್ಟು ಪಡೆದವು. ಚಿದಾನಂದ, ಶಾಲಿನಿ ಮತ್ತೆ ಬಂದರು. ಹಳೆಯ ಪಾತ್ರಗಳನ್ನು ಜನ ಮರೆತಿಲ್ಲವೆಂಬ ವಾಹಿನಿಯ ಎಣಿಕೆ ಸರಿಯಾಗಿತ್ತು. ಆದರೂ ಮೊದಲ ಆವೃತ್ತಿಯ ಹಿಡಿತ ಎರಡನೆಯದಕ್ಕೆ ಬರಲಿಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಪಾತ್ರ ಬದಲಾಗಿರಲಿಲ್ಲ, ಪಡಸಾಲೆ ಬದಲಾಗಿತ್ತು. ಒಂದು ಹೊತ್ತಿಗೆ, ಒಂದು ಕಡೆ, ಹತ್ತಾರು ಜನ ಕೂಡಿ ಕಾಯುವ ಕ್ರಮ ಹೋಗಿ ಅಂಗೈಯ ಫೋನಿನಲ್ಲಿ ಒಬ್ಬೊಬ್ಬರೇ ನೋಡುವ ಕ್ರಮ ಬಂದಿತ್ತು. ಈಗ ಹಳೆಯ ಕಂತುಗಳ ನಗೆಯ ಚೂರುಗಳಷ್ಟೇ ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಚೂರಿನಲ್ಲಿ ಪಾಂಡು ಪೆಟ್ಟು ತಿನ್ನುತ್ತಾನೆ, ಆದರೆ ಮರುದಿನ ಎದ್ದು ಬರುವುದು ಅದರಲ್ಲಿಲ್ಲ. ಇಡೀ ಕಥೆಯ ಅರ್ಥವಿದ್ದುದು ಆ ಎದ್ದುಬರುವಿಕೆಯಲ್ಲಿ.

ಒಟ್ಟಾರೆ ಹೇಳುವುದಾದರೆ, ಈ ಧಾರಾವಾಹಿಗಳ ಬಾಳಿಕೆಗೆ ಕಾರಣ ಅವು ಹೊಸದೇನನ್ನೋ ತಂದವೆಂಬುದಲ್ಲ. ಜನ ಆಗಲೇ ಬಲ್ಲ ಸೋಲುಗಾರನನ್ನು, ಅವನು ಸೋತರೂ ಬಾಗಿಲು ಮುಚ್ಚದ ಮನೆಯನ್ನು ಅವು ದಿನವೂ ತೋರಿಸಿದವು. ಜನಪದ ನಗೆಯಿಂದ ಅವು ಪಡೆದ ಸಾಲ ಇದು. ತೀರಿಸದೆ ಉಳಿಸಿದ ಸಾಲ ಇನ್ನೊಂದಿದೆ: ರಾಜನನ್ನು ತಡೆದು ಕೇಳುವ ಸಾರಥಿಯ ದಿಟ್ಟತನ, ಮತ್ತು ಹಾಗೆ ಕೇಳಲು ಅವನು ಬಳಸಿದ ಊರ ನುಡಿಯ ಮರ್ಯಾದೆ. ಕಿರುತೆರೆಯನ್ನು ಜಾನಪದದ ವೈರಿಯೆಂದು ದೂರವಿಟ್ಟರೆ ಈ ಲೆಕ್ಕವನ್ನು ಕೇಳುವವರೇ ಇರುವುದಿಲ್ಲ. ನಮ್ಮ ಕ್ಷೇತ್ರಕಾರ್ಯ ಕಣ, ಕಟ್ಟೆಗಳಿಂದ ಪಡಸಾಲೆಗೂ ವಿಸ್ತರಿಸಬೇಕಾಗಿದೆ. ಪಾಂಡುವನ್ನು ನೋಡುತ್ತ ನಕ್ಕ ಅಜ್ಜಿಯರು ಯಾವ ಮಾತಿಗೆ ನಕ್ಕರು, ಯಾವ ಮಾತಿಗೆ ಸುಮ್ಮನಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ. ಪಾಂಡು ನಾಳೆಯೂ ಬರುತ್ತಾನೆ; ಅವರು ಬರುವುದಿಲ್ಲ.